ಟನ್ನಿಗೆ 340 ಗ್ರಾಂ ಚಿನ್ನ

ಕೋಲಾರದ ಚಿನ್ನದ ಗಣಿಯಲ್ಲಿ 1880ರ ಸುಮಾರಿಗೆ ಯಂತ್ರಗಳ ಸದ್ದು ಶುರುವಾಯಿತು. 2001ರ ಫೆಬ್ರುವರಿ 28ಕ್ಕೆ ನಿಂತಿತು. ಆ 120 ವರ್ಷಗಳಲ್ಲಿ ತಲೆಮಾರಿನ ಮೇಲೆ ತಲೆಮಾರು ನೆಲದಡಿ ಇಳಿದು ದುಡಿಯಿತು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳಕ್ಕೆ ಹೋಯಿತು. ಅಲ್ಲಿಂದ ಮೇಲೆತ್ತಿ, ಪುಡಿ ಮಾಡಿ, ತೊಳೆದ ಅದಿರು ಸುಮಾರು 5.1 ಕೋಟಿ ಟನ್. ಸಿಕ್ಕ ಚಿನ್ನ 800 ಟನ್ನಿಗೆ ತುಸು ಮೇಲೆ. ಭಾಗಿಸಿದರೆ ಒಂದು ಟನ್ ಕಲ್ಲಿಗೆ ಹೆಚ್ಚುಕಡಿಮೆ 16 ಗ್ರಾಂ. ಇದು ಸಮೃದ್ಧಿಯ ದಿನಗಳೂ ಸೇರಿದ ಸರಾಸರಿ. ಕೊನೆಗಾಲದಲ್ಲಿ ಟನ್ನಿಗೆ ಮೂರ್ನಾಲ್ಕು ಗ್ರಾಂ ಸಿಗುವುದೇ ದುಸ್ತರವಾಗಿ ಗಣಿಗೆ ಬೀಗ ಬಿತ್ತು. ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಇವತ್ತು ಟನ್ನಿಗೆ ಎರಡು ಮೂರು ಗ್ರಾಂ ಚಿನ್ನಕ್ಕಾಗಿ ಬಂಡೆ ಒಡೆಯುತ್ತಾರೆ.

ಈಗ ಇನ್ನೊಂದು ಅದಿರಿನ ಲೆಕ್ಕ ನೋಡೋಣ. ಕೆಟ್ಟುಹೋದ ಮೊಬೈಲ್ ಫೋನುಗಳ ಬ್ಯಾಟರಿ ತೆಗೆದು ಒಂದು ಟನ್ ತೂಗುವಷ್ಟು ರಾಶಿ ಹಾಕಿ. ಸುಮಾರು ಹತ್ತು ಸಾವಿರ ಫೋನು ಬೇಕಾದೀತು. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ 2009ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಆ ರಾಶಿಯಲ್ಲಿ 130 ಕಿಲೋ ತಾಮ್ರ, ಮೂರೂವರೆ ಕಿಲೋ ಬೆಳ್ಳಿ, 140 ಗ್ರಾಂ ಪಲ್ಲಾಡಿಯಂ ಮತ್ತು 340 ಗ್ರಾಂ ಚಿನ್ನ ಇರುತ್ತದೆ. ಕೋಲಾರದ ಸರಾಸರಿಗಿಂತ ಇಪ್ಪತ್ತು ಪಟ್ಟು ಹೆಚ್ಚು. ಹಟ್ಟಿಯ ಅದಿರಿಗಿಂತ ನೂರು ಪಟ್ಟಿಗೂ ಮೇಲೆ.

ಜಗತ್ತಿನ ಯಾವ ದೊಡ್ಡ ಗಣಿಯ ಅದಿರೂ ಸರಾಸರಿಯಲ್ಲಿ ಇಷ್ಟು ಶ್ರೀಮಂತವಲ್ಲ. ಇದಕ್ಕೆ ಸುರಂಗ ಬೇಡ, ಸಿಡಿಮದ್ದು ಬೇಡ. ಅದು ನಮ್ಮ ಮನೆಗಳಲ್ಲೇ, ಬೀರುವಿನ ಕೆಳಗಿನ ಖಾನೆಯಲ್ಲೇ ಬಿದ್ದಿದೆ. ಅದನ್ನು ಮನೆಮನೆಯಿಂದ ಎತ್ತಿ ತರುವ ಜನರೂ ನಮ್ಮಲ್ಲಿ ಲಕ್ಷಾಂತರ ಮಂದಿ ಇದ್ದಾರೆ. ಕಾನೂನೂ ಇದೆ, ಕಾರ್ಖಾನೆಯೂ ಇದೆ. ಆದರೂ ಈ ಸಂಪತ್ತಿನ ದೊಡ್ಡ ಪಾಲು ಆಸಿಡ್ ಬಾನಿಯಲ್ಲಿ ಕರಗಿ ಚರಂಡಿ ಸೇರುತ್ತಿದೆ, ಹೋಗುವಾಗ ದುಡಿಯುವವರ ಶ್ವಾಸಕೋಶವನ್ನೂ ಸುಡುತ್ತಿದೆ. ಹೀಗೇಕೆ ಎಂಬುದಕ್ಕೆ ಉತ್ತರ ಅಂಕಿಗಳಲ್ಲೇ ಇದೆ. ಸ್ವಲ್ಪ ತಾಳ್ಮೆಯಿಂದ ಅವುಗಳ ಹಿಂದೆ ಹೋಗಬೇಕು, ಅಷ್ಟೇ.

ಹಟ್ಟಿಗಿಂತ ದೊಡ್ಡ ಗಣಿ

ಭಾರತದಲ್ಲಿ ವರ್ಷಕ್ಕೆ ಸುಮಾರು 15 ಕೋಟಿ ಸ್ಮಾರ್ಟ್‌ಫೋನುಗಳು ಮಾರಾಟವಾಗುತ್ತವೆ. ಹತ್ತು ಲಕ್ಷ ಫೋನುಗಳಲ್ಲಿ 16 ಟನ್ ತಾಮ್ರ, 350 ಕಿಲೋ ಬೆಳ್ಳಿ, 34 ಕಿಲೋ ಚಿನ್ನ, 15 ಕಿಲೋ ಪಲ್ಲಾಡಿಯಂ ಇರುತ್ತದೆಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಅಂದಾಜು ಮಾಡಿದೆ. ಇದನ್ನು 15 ಕೋಟಿಗೆ ಹಿಗ್ಗಿಸಿದರೆ 2,400 ಟನ್ ತಾಮ್ರ, 52 ಟನ್ ಬೆಳ್ಳಿ, ಐದು ಟನ್ ಚಿನ್ನ. ಹೊಸ ಫೋನುಗಳಲ್ಲಿ ಚಿನ್ನದ ಲೇಪ ತೆಳುವಾಗುತ್ತ ಬಂದಿದೆ. ಹಾಗಾಗಿ ಅರ್ಧಕ್ಕೆ ಇಳಿಸಿಯೇ ಲೆಕ್ಕ ಹಾಕೋಣ. ಆಗಲೂ ಎರಡೂವರೆ ಟನ್. ದೇಶದ ಪ್ರಮುಖ ಚಿನ್ನದ ಗಣಿಯಾದ ಹಟ್ಟಿ ಇಡೀ ವರ್ಷ ದುಡಿದು ಕೊಡುವುದು ಸುಮಾರು ಒಂದೂವರೆ ಟನ್. ಒಂದೇ ವರ್ಷ ನಾವು ಕೊಂಡ ಫೋನುಗಳ ಹೊಟ್ಟೆಯಲ್ಲಿ ಒಂದು ಹಟ್ಟಿಗಿಂತ ಹೆಚ್ಚು ಚಿನ್ನ ಕೂತಿದೆ. ಇವತ್ತಲ್ಲ ನಾಳೆ ಆ ಫೋನುಗಳೆಲ್ಲ ಕೆಡುತ್ತವೆ.

ಕೆಟ್ಟ ಮೇಲೂ ಅವು ತಕ್ಷಣ ಹೊರಗೆ ಬರುವುದಿಲ್ಲ. ಮನೆಗಳಲ್ಲಿ ಸುಮ್ಮನೆ ಬಿದ್ದಿರುವ ಹಳೆಯ ಫೋನು, ಲ್ಯಾಪ್‌ಟಾಪ್‌ಗಳ ಸಂಖ್ಯೆ 20 ಕೋಟಿಗೂ ಹೆಚ್ಚು ಎಂದು ನಮ್ಮ ಮೊಬೈಲ್ ಉದ್ಯಮದ ಒಕ್ಕೂಟವೇ 2023ರಲ್ಲಿ ಅಂದಾಜಿಸಿತು. ದೇಶದ ಪ್ರತಿ ಏಳು ಜನರಿಗೆ ಒಂದು ಸತ್ತ ಯಂತ್ರ.

ಇಲ್ಲಿ ಒಂದು ಎಚ್ಚರಿಕೆ ಬೇಕು. ಭಾರತ ವರ್ಷಕ್ಕೆ 700ರಿಂದ 800 ಟನ್ ಚಿನ್ನ ಆಮದು ಮಾಡಿಕೊಳ್ಳುತ್ತದೆ. ಕೋಲಾರ 120 ವರ್ಷಗಳಲ್ಲಿ ಕೊಟ್ಟಷ್ಟು ಚಿನ್ನವನ್ನು ನಾವು ಹೆಚ್ಚುಕಡಿಮೆ ಹನ್ನೆರಡೇ ತಿಂಗಳಲ್ಲಿ ಹೊರಗಿನಿಂದ ತರಿಸುತ್ತೇವೆ. ಆ ಹಸಿವಿನ ಮುಂದೆ ಫೋನುಗಳ ಎರಡು ಮೂರು ಟನ್ ಯಾವ ಮೂಲೆಗೂ ಸಾಲದು. ಕಸದಿಂದ ಬಂಗಾರ ತೆಗೆದು ದೇಶ ಉದ್ಧಾರವಾಗುತ್ತದೆ ಎಂಬ ಮಾತನ್ನು ಅದಕ್ಕೇ ನಾನು ಆಡುವುದಿಲ್ಲ. ಚಿನ್ನ ಇಲ್ಲಿ ಮುಖ್ಯವಾಗುವುದು ಬೇರೊಂದು ಕಾರಣಕ್ಕೆ. ಗುಜರಿಯನ್ನು ಮನೆಯಿಂದ ಹೊರಗೆ ಎಳೆದು ತರುವ ಶಕ್ತಿ ಅದಕ್ಕಿದೆ. ಅದರ ಜೊತೆಗೇ ಸೀಸ, ಪಾದರಸ, ಕ್ಯಾಡ್ಮಿಯಂ ಕೂಡ ಬರುತ್ತವೆ. ಚಿನ್ನ ಯಾರ ಕೈ ಸೇರುತ್ತದೆ, ವಿಷ ಯಾರ ಮೈ ಸೇರುತ್ತದೆ ಎಂಬುದೇ ಈ ವಿಷಯದ ತಿರುಳು.

ಭೂಮಿಗೆ ಒಂದು ಸುತ್ತು

ವಿಶ್ವಸಂಸ್ಥೆಯ ಲೆಕ್ಕದಂತೆ 2022ರಲ್ಲಿ ಜಗತ್ತು ಎಸೆದ ವಿದ್ಯುತ್ ಮತ್ತು ಎಲೆಕ್ಟ್ರಾನಿಕ್ ಸಾಮಾನು 6.2 ಕೋಟಿ ಟನ್. ಅದನ್ನು ತಲಾ 40 ಟನ್ನಿನ ಟ್ರಕ್ಕುಗಳಿಗೆ ತುಂಬಿದರೆ 15.5 ಲಕ್ಷ ಟ್ರಕ್ಕು. ಒಂದರ ಹಿಂದೆ ಒಂದು ನಿಲ್ಲಿಸಿದರೆ ಸಮಭಾಜಕ ವೃತ್ತದ ಗುಂಟ ಭೂಮಿಗೆ ಒಂದು ಸುತ್ತು. 2010ಕ್ಕೆ ಹೋಲಿಸಿದರೆ ಹನ್ನೆರಡೇ ವರ್ಷಗಳಲ್ಲಿ ಶೇ 82ರಷ್ಟು ಏರಿಕೆ. ಇದರಲ್ಲಿ ಕ್ರಮಬದ್ಧವಾಗಿ ಸಂಗ್ರಹವಾಗಿ, ಮರುಬಳಕೆಗೆ ಹೋಗಿದೆ ಎಂದು ದಾಖಲೆ ಇರುವುದು ಶೇ 22.3 ಮಾತ್ರ. ಕಸ ಬೆಳೆಯುವ ವೇಗ ಮರುಬಳಕೆ ಬೆಳೆಯುವ ವೇಗದ ಐದು ಪಟ್ಟು. 2030ಕ್ಕೆ ಇದು 8.2 ಕೋಟಿ ಟನ್ ಮುಟ್ಟುವ ಅಂದಾಜಿದೆ.

ಭಾರತದ ಪಾಲು ಸುಮಾರು 41 ಲಕ್ಷ ಟನ್. ಚೀನಾ, ಅಮೆರಿಕ ಬಿಟ್ಟರೆ ನಾವೇ. ಹತ್ತು ಟನ್ ಹೊರುವ ನಮ್ಮ ಊರಿನ ಲಾರಿಗಳಿಗೆ ಇದನ್ನು ಹೇರಿದರೆ ನಾಲ್ಕು ಲಕ್ಷಕ್ಕೂ ಹೆಚ್ಚು ಲಾರಿ ಬೇಕು. ಒಂದಕ್ಕೆ ಹತ್ತು ಮೀಟರ್ ಜಾಗ ಬಿಟ್ಟರೂ ಸಾಲು 4,100 ಕಿಲೋಮೀಟರ್. ಶ್ರೀನಗರದಿಂದ ಹೊರಟು, ದಿಲ್ಲಿ, ಹೈದರಾಬಾದು, ಬೆಂಗಳೂರು ಹಾದು ಕನ್ಯಾಕುಮಾರಿ ಮುಟ್ಟುವ 44ನೇ ರಾಷ್ಟ್ರೀಯ ಹೆದ್ದಾರಿ ಈ ತುದಿಯಿಂದ ಆ ತುದಿಗೆ ಭರ್ತಿ. ಅದೂ ಒಂದೇ ವರ್ಷದ ಕಸದಿಂದ. ತಲಾವಾರು ನೋಡಿದರೆ ನಾವು ಎಸೆಯುವುದು ಮೂರು ಕಿಲೋಗೂ ಕಡಿಮೆ. ಯುರೋಪಿನವರು ಸರಾಸರಿ ಹದಿನೇಳೂವರೆ ಕಿಲೋ ಎಸೆಯುತ್ತಾರೆ. ನಮ್ಮ ಹಳ್ಳಿಗಳಿಗೆ ಫ್ರಿಜ್ಜು, ವಾಷಿಂಗ್ ಮಷೀನು ಈಗಷ್ಟೇ ತಲುಪುತ್ತಿವೆ. ಜನರಿಗೆ ಅವು ಬೇಕು, ಬೇಡ ಎನ್ನುವ ಹಕ್ಕು ಯಾರಿಗೂ ಇಲ್ಲ. ಆದ್ದರಿಂದ ಈ ಸಾಲು ಮುಂದೆಯೂ ಬೆಳೆಯುತ್ತಲೇ ಹೋಗುತ್ತದೆ.

ನಮ್ಮದೇ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಅಂಕಿ ಬೇರೆ. 2021–22ರಲ್ಲಿ ದೇಶದಲ್ಲಿ ಹುಟ್ಟಿದ ಇ-ತ್ಯಾಜ್ಯ 16 ಲಕ್ಷ ಟನ್ ಎಂದು ಅದು ಹೇಳುತ್ತದೆ. 41 ಎಲ್ಲಿ, 16 ಎಲ್ಲಿ? ಎರಡೂ ಸುಳ್ಳಲ್ಲ. ಮಂಡಳಿ ಆಗ ಲೆಕ್ಕ ಹಾಕುತ್ತಿದ್ದದ್ದು ಕಾನೂನಿನ ಪಟ್ಟಿಯಲ್ಲಿದ್ದ 21 ಬಗೆಯ ಸಾಮಾನುಗಳನ್ನು ಮಾತ್ರ. ಕಂಪನಿಗಳು ಯಾವ ವರ್ಷ ಎಷ್ಟು ಮಾರಿದವು, ಆ ಸಾಮಾನಿನ ಆಯುಸ್ಸು ಎಷ್ಟು ಎಂಬುದರಿಂದ ಗುಣಿಸಿ ತೆಗೆದ ಸಂಖ್ಯೆ ಅದು. ಮಿಕ್ಸರು, ಇಸ್ತ್ರಿಪೆಟ್ಟಿಗೆ, ಫ್ಯಾನು, ಆಟಿಕೆ, ಸೌರಫಲಕ ಇವೆಲ್ಲ ಪಟ್ಟಿಯಿಂದ ಹೊರಗಿದ್ದವು. ಎರಡು ಅಂಕಿಗಳ ನಡುವಿನ 25 ಲಕ್ಷ ಟನ್ ಕಾನೂನಿನ ಕಣ್ಣಿಗೆ ಬೀಳದೆಯೇ ಸಾಗಿಹೋಯಿತು. ಮಂಡಳಿಯ ಸಣ್ಣ ಅಂಕಿಯೂ ಸುಮ್ಮನೆ ಕೂತಿಲ್ಲ. 2017–18ರಲ್ಲಿ ಏಳು ಲಕ್ಷ ಟನ್ ಇದ್ದದ್ದು 2023–24ಕ್ಕೆ ಹದಿನೇಳೂವರೆ ಲಕ್ಷ ಟನ್ ಆಯಿತು. ಆರು ವರ್ಷದಲ್ಲಿ ಎರಡೂವರೆ ಪಟ್ಟು.

ತಕ್ಕಡಿ ಹಿಡಿದವರ ಜಾಲ

ಬೆಂಗಳೂರಿನ ಯಾವುದೇ ಬಡಾವಣೆಯಲ್ಲಿ ಬೆಳಿಗ್ಗೆ ಗುಜರಿಯವನ ಕೂಗು ಕೇಳುತ್ತದೆ. ಕೆಟ್ಟ ಟಿವಿ, ಸುಟ್ಟ ಮಿಕ್ಸರು, ಹಳೆಯ ಯುಪಿಎಸ್ ಕೊಟ್ಟರೆ ಕೈಗೆ ನೂರೋ ಇನ್ನೂರೋ ಬರುತ್ತದೆ. ತಳ್ಳುಗಾಡಿಯಿಂದ ಬೀದಿ ಕೊನೆಯ ಗುಜರಿ ಅಂಗಡಿಗೆ, ಅಲ್ಲಿಂದ ಸಗಟು ವ್ಯಾಪಾರಿಗೆ, ಅಲ್ಲಿಂದ ಬಿಚ್ಚುವವರ ಕೈಗೆ. ಜಾಲಿ ಮೊಹಲ್ಲಾ, ಗೌರಿಪಾಳ್ಯ, ನಾಯಂಡಹಳ್ಳಿ ಹೀಗೆ ಒಂದೊಂದು ಕಡೆ ಒಂದೊಂದು ಬಗೆಯ ಮಾಲು. ಒಂದೇ ಕಂಪ್ಯೂಟರಿನಿಂದ ಕಬ್ಬಿಣ ಒಬ್ಬನಿಗೆ, ತಾಮ್ರದ ವೈರು ಇನ್ನೊಬ್ಬನಿಗೆ, ಪ್ಲಾಸ್ಟಿಕ್ ಕವಚ ಮತ್ತೊಬ್ಬನಿಗೆ ಹೋಗುತ್ತದೆ. ಇನ್ನೂ ಕೆಲಸ ಮಾಡುವ ಬಿಡಿಭಾಗ ಎಸ್.ಪಿ. ರಸ್ತೆಯ ರಿಪೇರಿ ಅಂಗಡಿ ಸೇರಿ ಬೇರೆ ಯಂತ್ರಕ್ಕೆ ಜೀವ ಕೊಡುತ್ತದೆ. ಇವರಾರಿಗೂ ಬೇಡವಾದ ಸರ್ಕ್ಯೂಟ್ ಬೋರ್ಡುಗಳು ಮಾತ್ರ ಚೀಲದಲ್ಲಿ ಉಳಿದು, ಚಿನ್ನ ಬಿಡಿಸುವ ಆಸಿಡ್ ಇರುವ ಕಡೆಗೆ ಪಯಣಿಸುತ್ತವೆ. ದಿಲ್ಲಿಯ ಸೀಲಂಪುರ, ಉತ್ತರ ಪ್ರದೇಶದ ಮುರಾದಾಬಾದು ಇದಕ್ಕೆ ಹೆಸರಾದ ಜಾಗಗಳು.

ಈ ಜಾಲದ ದಕ್ಷತೆ ಬೆರಗು ಹುಟ್ಟಿಸುತ್ತದೆ. ಯುರೋಪಿನ ಊರುಗಳಲ್ಲಿ ಹಳೆಯ ಸಾಮಾನು ವಾಪಸ್ ತರಿಸಲು ಸರ್ಕಾರಗಳು ಪ್ರಚಾರಕ್ಕೆ, ಸಂಗ್ರಹ ಕೇಂದ್ರಗಳಿಗೆ ಹಣ ಸುರಿಯುತ್ತವೆ. ಇಲ್ಲಿ ಯಾವ ಜಾಹೀರಾತೂ ಇಲ್ಲದೆ, ಯಾವ ಅನುದಾನವೂ ಇಲ್ಲದೆ, ಬೀದಿ ಬೀದಿಗೆ ನಡೆದುಹೋಗಿ ಮನೆಬಾಗಿಲಲ್ಲೇ ದುಡ್ಡು ಕೊಟ್ಟು ಒಯ್ಯುತ್ತಾರೆ. ಬಹುಕಾಲದಿಂದ ದೇಶದ ಇ-ತ್ಯಾಜ್ಯದ ಹತ್ತರಲ್ಲಿ ಒಂಬತ್ತು ಪಾಲನ್ನು ಮುಟ್ಟಿದ ಕೈಗಳು ಇವೇ ಎಂದು ಅಧ್ಯಯನಗಳು ಹೇಳುತ್ತ ಬಂದಿವೆ.

ಇನ್ನೊಂದು ಬದಿಗೆ ಕಾರ್ಖಾನೆಗಳನ್ನು ನೋಡಿ. 2021–22ರ ಹೊತ್ತಿಗೆ ದೇಶದಲ್ಲಿ ಪರವಾನಗಿ ಪಡೆದ ಬಿಚ್ಚುವ, ಮರುಬಳಕೆ ಮಾಡುವ ಘಟಕಗಳು 470ಕ್ಕೂ ಹೆಚ್ಚಿದ್ದವು. ಅವುಗಳ ಒಟ್ಟು ಸಾಮರ್ಥ್ಯ ವರ್ಷಕ್ಕೆ 14 ಲಕ್ಷ ಟನ್ನಿಗೂ ಮೇಲೆ. ಹುಟ್ಟಿದ ಕಸ 16 ಲಕ್ಷ ಟನ್. ಅಂದರೆ ಹೆಚ್ಚುಕಡಿಮೆ ಎಲ್ಲವನ್ನೂ ಅರಗಿಸಿಕೊಳ್ಳುವ ಶಕ್ತಿ ಕಾಗದದ ಮೇಲೆ ಇತ್ತು. ಅವುಗಳಿಗೆ ತಲುಪಿದ್ದು 5.27 ಲಕ್ಷ ಟನ್. ಸಾಮರ್ಥ್ಯದ ಅರ್ಧಕ್ಕಿಂತ ಹೆಚ್ಚು ಖಾಲಿ ಕೂತಿತ್ತು. ಒಂದು ಕಡೆ ಮಾಲಿಲ್ಲದೆ ನಿಂತ ಯಂತ್ರಗಳು, ಇನ್ನೊಂದು ಕಡೆ ಮಾಲು ತುಂಬಿ ತುಳುಕುವ ಓಣಿಗಳು. ಎರಡರ ನಡುವೆ ಕೆಲವೇ ಕಿಲೋಮೀಟರ್ ರಸ್ತೆ. ನಮಗೆ ಇಲ್ಲದಿರುವುದು ತಂತ್ರಜ್ಞಾನವೂ ಅಲ್ಲ, ಸಂಗ್ರಹವೂ ಅಲ್ಲ. ಈ ಎರಡನ್ನೂ ಬೆಸೆಯುವ ಕೊಂಡಿ.

ನೂರರಲ್ಲಿ ಇಪ್ಪತ್ತೈದು

ಓಣಿಯ ಆಸಿಡ್ ಬಾನಿಯಲ್ಲಿ ಎಷ್ಟು ಚಿನ್ನ ಸಿಗುತ್ತದೆ? ಇದನ್ನು ಅಳೆದು ನೋಡಿದ ಅಧ್ಯಯನ ನಡೆದದ್ದು ನಮ್ಮ ಬೆಂಗಳೂರಿನಲ್ಲೇ. ಎರಡು ದಶಕಗಳ ಹಿಂದೆ ಸ್ವಿಟ್ಜರ್ಲೆಂಡಿನ ಸಂಶೋಧಕರು ಇಲ್ಲಿನ ಸಣ್ಣ ಕೋಣೆಗಳಲ್ಲಿ ಬೋರ್ಡುಗಳಿಂದ ಚಿನ್ನ ತೆಗೆಯುವ ವಿಧಾನವನ್ನು ಹಂತ ಹಂತವಾಗಿ ತೂಗಿ ನೋಡಿದರು. ಬೋರ್ಡಿನಲ್ಲಿದ್ದ ಚಿನ್ನದಲ್ಲಿ ಕೈಗೆ ಬಂದದ್ದು ನೂರಕ್ಕೆ 25. ಬೆಲ್ಜಿಯಂನ ಹೊಬೊಕೆನ್‌ನಲ್ಲಿರುವಂಥ ಆಧುನಿಕ ಲೋಹ ಕುಲುಮೆಯಲ್ಲಿ ಅದೇ ಬೋರ್ಡಿನಿಂದ ನೂರಕ್ಕೆ 95 ಸಿಗುತ್ತದೆ.

ಈ ಎರಡು ಅಂಕಿಗಳನ್ನು ಕೋಲಾರದ ಪಕ್ಕದಲ್ಲಿಡಿ. ಒಂದು ಟನ್ ಫೋನಿನ 340 ಗ್ರಾಂ ಚಿನ್ನದಲ್ಲಿ ಆಸಿಡ್ ಬಾನಿ ಕೊಡುವುದು 85 ಗ್ರಾಂ. ತೊಳೆದುಹೋಗುವುದು 255 ಗ್ರಾಂ. ಅಷ್ಟು ಚಿನ್ನಕ್ಕೆ ಕೋಲಾರದ ಕಾರ್ಮಿಕ 16 ಟನ್ ಬಂಡೆಯನ್ನು ಪಾತಾಳದಿಂದ ಹೊತ್ತು ತರಬೇಕಿತ್ತು. ನಾವು ಅದನ್ನು ಒಂದು ಮಧ್ಯಾಹ್ನದಲ್ಲಿ ಚರಂಡಿಗೆ ಬಿಡುತ್ತೇವೆ. ಬೆಳ್ಳಿ, ಪಲ್ಲಾಡಿಯಂ ಲೆಕ್ಕವಂತೂ ಬೇರೆಯೇ. ಒಂದು ಎಲೆಕ್ಟ್ರಾನಿಕ್ ಯಂತ್ರದಲ್ಲಿ 60ಕ್ಕೂ ಹೆಚ್ಚು ಮೂಲಧಾತುಗಳು ಇರಬಹುದು. ಓಣಿಯಲ್ಲಿ ಬೆಲೆ ಇರುವುದು ಅವುಗಳಲ್ಲಿ ನಾಲ್ಕೈದಕ್ಕೆ. ಉಳಿದವು ಗಾಳಿಗೆ, ನೀರಿಗೆ, ಮಣ್ಣಿಗೆ.

ಗಣಿಯ ಗಾಯ ಕಣ್ಣಿಗೆ ಕಾಣುತ್ತದೆ. ಕೆಜಿಎಫ್‌ಗೆ ಹೋದವರೆಲ್ಲ ಅಲ್ಲಿನ ಸೈನೈಡ್ ದಿಬ್ಬಗಳನ್ನು ನೋಡಿರುತ್ತಾರೆ. ಮೂರು ಕೋಟಿ ಟನ್ನಿಗೂ ಹೆಚ್ಚು ಪುಡಿಗಲ್ಲು ಅಲ್ಲಿ ಗುಡ್ಡವಾಗಿ ನಿಂತಿದೆ. ಇ-ತ್ಯಾಜ್ಯದ ಗಾಯಕ್ಕೆ ಅಂಥ ಗುರುತಿಲ್ಲ. ಹಳೆಯ ಕಾಲದ ಒಂದು ದಪ್ಪ ಟಿವಿಯ ಗಾಜಿನಲ್ಲಿ ಒಂದೂವರೆಯಿಂದ ಎರಡು ಕಿಲೋ ಸೀಸ ಇರುತ್ತದೆ. ಅದನ್ನು ಕೊಳ್ಳುವವರಿಲ್ಲ, ಹಾಗಾಗಿ ಒಡೆದು ಎಸೆಯುತ್ತಾರೆ. ತಾಮ್ರಕ್ಕಾಗಿ ವೈರು ಸುಟ್ಟರೆ ಹೊಗೆಯಲ್ಲಿ ಡಯಾಕ್ಸಿನ್ ಎಂಬ ವಿಷ. ತಾಮ್ರದ ಕೊಳವೆಗಾಗಿ ಹಳೆಯ ಎಸಿ ಕತ್ತರಿಸಿದರೆ ಒಳಗಿನ ಆರ್-22 ಅನಿಲ ಬುಸ್ಸೆಂದು ಹಾರಿಹೋಗುತ್ತದೆ. ಆ ಅನಿಲದ ಬಿಸಿ ಹಿಡಿಯುವ ಶಕ್ತಿ ಇಂಗಾಲದ ಡೈಆಕ್ಸೈಡಿನ 1,800 ಪಟ್ಟು. ಒಂದು ಎಸಿಯಲ್ಲಿ ಒಂದು ಕಿಲೋ ಇದ್ದರೂ ಅದು 1.8 ಟನ್ ಇಂಗಾಲದ ಡೈಆಕ್ಸೈಡಿಗೆ ಸಮ. ಒಬ್ಬ ಸರಾಸರಿ ಭಾರತೀಯನ ವರ್ಷದ ಪಾಲೇ ಸುಮಾರು ಎರಡು ಟನ್. ಕಟ್ಟರಿನ ಒಂದೇ ಏಟಿಗೆ ಒಬ್ಬ ಮನುಷ್ಯನ ಹೆಚ್ಚುಕಡಿಮೆ ಒಂದು ವರ್ಷದ ಮಾಲಿನ್ಯ ಮುಗಿಲು ಸೇರುತ್ತದೆ. ಕತ್ತರಿಸುವವನಿಗೆ ಇದನ್ನು ಹೇಳಿದವರಿಲ್ಲ. ಅನಿಲ ಹಿಡಿದು ತಂದರೆ ಕಾಸು ಕೊಡುವವರೂ ಇಲ್ಲ.

ಇನ್ನೊಂದು ಅಂಕಿ ಬರೆಯುವಾಗ ಕೈ ತಡೆಯುತ್ತದೆ. ಯುನಿಸೆಫ್ ಮತ್ತು ಪ್ಯೂರ್ ಅರ್ತ್ ಸಂಸ್ಥೆ 2020ರಲ್ಲಿ ಹೊರತಂದ ವರದಿಯಂತೆ, ರಕ್ತದಲ್ಲಿ ಪ್ರತಿ ಡೆಸಿಲೀಟರಿಗೆ ಐದು ಮೈಕ್ರೋಗ್ರಾಮಿಗಿಂತ ಹೆಚ್ಚು ಸೀಸ ಇರುವ ಮಕ್ಕಳು ಜಗತ್ತಿನಲ್ಲಿ 80 ಕೋಟಿ. ಅವರಲ್ಲಿ 27 ಕೋಟಿಗೂ ಹೆಚ್ಚು ಮಂದಿ ಭಾರತದವರು. ಸೀಸ ಬೆಳೆಯುವ ಮಿದುಳನ್ನು ಕುಗ್ಗಿಸುತ್ತದೆ. ಹೋದದ್ದು ವಾಪಸ್ ಬರುವುದಿಲ್ಲ. ಬಣ್ಣ, ಪಾತ್ರೆ, ಕಲಬೆರಕೆ ಮಸಾಲೆ ಹೀಗೆ ಕಾರಣ ಹಲವು. ಮುಖ್ಯ ಕಾರಣಗಳಲ್ಲಿ ಒಂದು, ಹಳೆಯ ಬ್ಯಾಟರಿಗಳನ್ನು ಹಿತ್ತಲಲ್ಲಿ ಒಡೆದು ಸೀಸ ಕರಗಿಸುವ ಕೆಲಸ.

ಮಾರಿದವರೇ ಹೊಣೆ

ಸಾಮಾನು ಮಾಡಿ ಮಾರಿದವರೇ ಅದು ಸತ್ತ ಮೇಲೂ ಹೊಣೆ ಹೊರಬೇಕು ಎಂಬ ವಿಚಾರವನ್ನು ಸ್ವೀಡನ್ನಿನ ಥಾಮಸ್ ಲಿಂಡ್‌ಕ್ವಿಸ್ಟ್ 1990ರಲ್ಲಿ ಮಂಡಿಸಿದರು. ತರ್ಕ ಸರಳ. ಕೊನೆಯ ಖರ್ಚು ತನ್ನ ತಲೆಗೇ ಬರುತ್ತದೆಂದು ಗೊತ್ತಾದರೆ ಕಂಪನಿ ಮೊದಲೇ ಬಾಳಿಕೆ ಬರುವ, ಬಿಚ್ಚಲು ಸುಲಭವಾದ, ವಿಷ ಕಡಿಮೆ ಇರುವ ಸಾಮಾನು ಮಾಡುತ್ತದೆ. ಭಾರತ ಇದನ್ನು 2011ರ ಇ-ತ್ಯಾಜ್ಯ ನಿಯಮಗಳಲ್ಲಿ ಒಪ್ಪಿಕೊಂಡಿತು. 2012ರ ಮೇ 1ರಿಂದ ಅವು ಜಾರಿಯಾದವು. ಆದರೆ ಅದರಲ್ಲಿ ಇಷ್ಟು ತೂಕ ವಾಪಸ್ ತರಲೇಬೇಕು ಎಂಬ ಗುರಿ ಇರಲಿಲ್ಲ. 2016ರ ನಿಯಮಗಳು ಗುರಿ ಇಟ್ಟವು. 2018ರ ತಿದ್ದುಪಡಿ ಅದನ್ನು ಶೇ 10ಕ್ಕೆ ಇಳಿಸಿ, ವರ್ಷಕ್ಕೆ ಹತ್ತರಂತೆ ಏರಿಸುತ್ತ 70ಕ್ಕೆ ಒಯ್ಯುವ ದಾರಿ ಹಾಕಿತು. 2023ರ ಏಪ್ರಿಲ್‌ನಿಂದ ಹೊಸ ನಿಯಮ ಬಂದಿದೆ. 21 ಸಾಮಾನುಗಳಿದ್ದ ಪಟ್ಟಿ 106ಕ್ಕೆ ಬೆಳೆದಿದೆ. ಮೊದಲ ಎರಡು ವರ್ಷ ಶೇ 60, ಮುಂದಿನ ಎರಡು ವರ್ಷ 70, 2027–28ರಿಂದ 80 ಎಂಬ ಗುರಿ ಇದೆ. ಕಾಗದದ ಮೇಲೆ ಜಗತ್ತಿನ ಕಟ್ಟುನಿಟ್ಟಿನ ಕಾನೂನುಗಳ ಸಾಲಿಗೆ ಸೇರುವಂಥದ್ದು ಇದು.

ಕೆಲಸ ನಡೆಯುವುದು ಪ್ರಮಾಣಪತ್ರಗಳ ಮೂಲಕ. ಮರುಬಳಕೆ ಘಟಕ ಇಷ್ಟು ಲೋಹ ತೆಗೆದೆ ಎಂದು ಸರ್ಕಾರದ ಪೋರ್ಟಲಿನಲ್ಲಿ ದಾಖಲಿಸಿದರೆ ಅದಕ್ಕೆ ಪ್ರಮಾಣಪತ್ರ ಸಿಗುತ್ತದೆ. ಫೋನು, ಫ್ರಿಜ್ಜು ಮಾರಿದ ಕಂಪನಿ ಆ ಪತ್ರ ಕೊಂಡು ತನ್ನ ಗುರಿ ಮುಟ್ಟಿದೆ ಎಂದು ತೋರಿಸುತ್ತದೆ. ವ್ಯವಸ್ಥೆ ಜಾಣತನದ್ದೇ. ಅದರಲ್ಲಿ ಮೂರು ತೂತುಗಳಿವೆ.

ಮೊದಲನೆಯದು, ಪತ್ರ ಹುಟ್ಟಲು ಆಧಾರವಾಗಿ ಹಿಡಿದದ್ದು ಚಿನ್ನ, ತಾಮ್ರ, ಅಲ್ಯೂಮಿನಿಯಂ, ಕಬ್ಬಿಣ ಎಂಬ ನಾಲ್ಕು ಲೋಹಗಳನ್ನು. ಈ ನಾಲ್ಕನ್ನು ಓಣಿಯವರು ಕಾನೂನಿಲ್ಲದೆಯೂ ತೆಗೆಯುತ್ತಿದ್ದರು. ಲಾಭವಿಲ್ಲದ ಸೀಸದ ಗಾಜನ್ನು, ಬೆಂಕಿ ತಡೆಯುವ ರಾಸಾಯನಿಕ ಬೆರೆತ ಪ್ಲಾಸ್ಟಿಕ್ಕನ್ನು ಸುರಕ್ಷಿತವಾಗಿ ಮುಗಿಸಿದವನಿಗೆ ಅಂಥದ್ದೇ ಪ್ರತಿಫಲ ಸಿಗಬೇಕು. ಎರಡನೆಯದು, ಕಾಗದ ಸುಳ್ಳು ಹೇಳಬಹುದು. ಇದೇ ಮಾದರಿಯ ಪ್ಲಾಸ್ಟಿಕ್ ಪ್ರಮಾಣಪತ್ರಗಳಲ್ಲಿ ಸುಮಾರು ಆರು ಲಕ್ಷ ನಕಲಿ ಎಂದು ಕೇಂದ್ರ ಮಂಡಳಿಯ ಪರಿಶೀಲನೆಯಲ್ಲೇ ಬಯಲಾಯಿತು. ಹುಟ್ಟಿದ್ದ ಒಟ್ಟು ಪತ್ರಗಳು 37 ಲಕ್ಷ. ಆರರಲ್ಲಿ ಒಂದು ಸುಳ್ಳು. ಸಿಕ್ಕಿಬಿದ್ದ ಘಟಕಗಳು ಗುಜರಾತ್, ಮಹಾರಾಷ್ಟ್ರದ ಜೊತೆಗೆ ನಮ್ಮ ಕರ್ನಾಟಕದಲ್ಲೂ ಇದ್ದವು. ಕರಗದ ಪ್ಲಾಸ್ಟಿಕ್ ಕಾಗದದಲ್ಲಿ ಕರಗಿತ್ತು.

ಮೂರನೆಯದು ಎಲ್ಲಕ್ಕಿಂತ ದೊಡ್ಡದು. ಹೊಸ ನಿಯಮದಡಿ ನೋಂದಣಿ ಮಾಡಿಸಬೇಕಾದವರು ನಾಲ್ಕೇ ಬಗೆ: ತಯಾರಕರು, ಉತ್ಪಾದಕರು, ದುರಸ್ತಿ ಮಾಡಿ ಮತ್ತೆ ಮಾರುವವರು, ಮರುಬಳಕೆ ಮಾಡುವವರು. ಹಿಂದಿನ ನಿಯಮದಲ್ಲಿದ್ದ ಸಂಗ್ರಹ ಕೇಂದ್ರ, ಬಿಚ್ಚುವವರು ಈ ಪಟ್ಟಿಯಲ್ಲಿಲ್ಲ. ಕಾರ್ಮಿಕರನ್ನು ಗುರುತಿಸಿ, ನೋಂದಾಯಿಸಿ, ತರಬೇತಿ ಕೊಡುವ ಕೆಲಸವನ್ನು ರಾಜ್ಯಗಳಿಗೆ ಒಪ್ಪಿಸಲಾಗಿದೆ. ಅದಕ್ಕೆ ಹಣ ಎಲ್ಲಿಂದ ಎಂದು ಹೇಳಿಲ್ಲ. ದೇಶದ ಕಸವನ್ನು ಎತ್ತಿ ತರುವ ಅಷ್ಟೂ ಕೈಗಳು ಹಣ ಹರಿಯುವ ಕಾಲುವೆಯ ಹೊರಗೆ ಉಳಿದಿವೆ.

ದುಡ್ಡು ಎಲ್ಲಿಗೆ ಹರಿಯಬೇಕು

ನಮ್ಮ ದೇಶದಲ್ಲೇ ವಾಪಸಾತಿಯ ಒಂದು ಪದ್ಧತಿ ಎಲ್ಲರಿಗೂ ಗೊತ್ತು. ಕಾರು, ಇನ್ವರ್ಟರಿಗೆ ಹೊಸ ಬ್ಯಾಟರಿ ಕೊಳ್ಳಲು ಹೋದಾಗ ಅಂಗಡಿಯವರು ಮೊದಲು ಕೇಳುವುದು ಹಳೆಯದನ್ನು ತಂದಿದ್ದೀರಾ ಎಂದು. ತಂದರೆ ಬಿಲ್ಲಿನಲ್ಲಿ ಅದರ ಬೆಲೆ ಕಡಿತ. 2001ರ ಬ್ಯಾಟರಿ ನಿಯಮಗಳು ಮೂರನೇ ವರ್ಷದಿಂದ ಶೇ 90ರಷ್ಟು ವಾಪಸ್ ಬರಬೇಕೆಂದವು. ಬ್ಯಾಟರಿಯನ್ನು ತಿಪ್ಪೆಗೆ ಎಸೆದವರನ್ನು ನಾವು ಕಾಣುವುದಿಲ್ಲ. ಕಾರಣ ಸ್ಪಷ್ಟ: ತಂದು ಕೊಟ್ಟವನ ಕೈಗೆ ಅಲ್ಲೇ, ಆಗಲೇ ಹಣ ಬರುತ್ತದೆ. ಹಾಗಿದ್ದೂ ಮಕ್ಕಳ ರಕ್ತದಲ್ಲಿ ಸೀಸ ಏಕೆ? ಅಂಗಡಿಯ ಹಿಂಬಾಗಿಲಿನಿಂದ ಬ್ಯಾಟರಿ ಯಾವ ಕುಲುಮೆಗೆ ಹೋಯಿತೆಂದು ಯಾರೂ ಬೆನ್ನುಹತ್ತಲಿಲ್ಲ. ಇದರಿಂದ ಕಲಿಯಬೇಕಾದ್ದು ಎರಡು ಪಾಠ. ತರುವವನಿಗೆ ದುಡ್ಡು ಕೊಟ್ಟರೆ ಮಾಲು ತಾನಾಗಿ ಬರುತ್ತದೆ. ಕೊನೆಯ ಕುಲುಮೆಯವರೆಗೂ ಕಾವಲಿಲ್ಲದಿದ್ದರೆ ಬಂದ ಮಾಲೂ ವಿಷವಾಗುತ್ತದೆ.

ಬೆಂಗಳೂರಿಗೆ ಈ ಎರಡೂ ಪಾಠಗಳ ಅನುಭವ ಇದೆ. ದೇಶದಲ್ಲೇ ಮೊದಲು ಸರ್ಕಾರದ ಅನುಮತಿ ಪಡೆದ ಇ-ತ್ಯಾಜ್ಯ ಮರುಬಳಕೆ ಘಟಕ ಇ-ಪರಿಸರ ಶುರುವಾದದ್ದು ದಾಬಸ್‌ಪೇಟೆಯಲ್ಲಿ, 2005ರಲ್ಲಿ. ಅದನ್ನು ಕಟ್ಟಿದವರು ಪಿ. ಪಾರ್ಥಸಾರಥಿ. ಓಣಿಯವರು ಕೈಯಲ್ಲಿ ಬಿಚ್ಚಲಿ, ಬೋರ್ಡುಗಳನ್ನು ಆಸಿಡ್‌ಗೆ ಹಾಕದೆ ಒಟ್ಟು ಮಾಡಿ ದೊಡ್ಡ ಕುಲುಮೆಗೆ ಕಳಿಸಲಿ ಎಂಬ ಪ್ರಯೋಗಕ್ಕೆ ಆ ಸ್ವಿಸ್ ಅಧ್ಯಯನವೇ ದಾರಿ ತೋರಿತು. ನೂರಕ್ಕೆ 25ರ ಜಾಗದಲ್ಲಿ 95 ಸಿಕ್ಕರೆ ಹಂಚಿಕೊಳ್ಳಲು ಎಲ್ಲರಿಗೂ ಉಳಿಯುತ್ತದೆ ಎಂಬುದೇ ಅದರ ಜೀವ. ನಗರದ ಕಸ ಸುರಿಯುತ್ತಿದ್ದ ಮಂಡೂರು, ಮಾವಳ್ಳಿಪುರದ ಜನ ಬೀದಿಗಿಳಿದು ಅದನ್ನು ತಿರಸ್ಕರಿಸಿದ ಮೇಲೆ, ವಿಂಗಡಿಸುವವರ ಬೆಲೆ ಏನೆಂದು ಈ ಊರಿಗೆ ಗೊತ್ತಾಯಿತು. ಅದಕ್ಕೂ ಮುಂಚೆ, 2011ರಲ್ಲಿ, ಲೋಕ ಅದಾಲತ್ ಸೂಚನೆಯ ಬೆನ್ನಿಗೆ ಚಿಂದಿ ಆಯುವವರಿಗೆ ಗುರುತಿನ ಚೀಟಿ ಕೊಡಲು ನಮ್ಮ ನಗರಪಾಲಿಕೆ ಶುರುಮಾಡಿತ್ತು. ಕೊರಳಲ್ಲಿ ಚೀಟಿ ಇದ್ದರೆ ಪೊಲೀಸರು ಕಳ್ಳರೆಂದು ನಿಲ್ಲಿಸುವುದಿಲ್ಲ ಎಂದು ಚಿಂದಿ ಆಯುವ ಹೆಂಗಸರು ಹೇಳುವಾಗ ಅವರ ದನಿಯಲ್ಲಿ ಬರುವ ಧೈರ್ಯ ನಿಯಮಾವಳಿ ಬರೆಯುವವರ ಕಿವಿಗೆ ಬೀಳಬೇಕು.

ಈಗ ಕೊನೆಯ ಗುಣಾಕಾರ. ಪ್ರಮಾಣಪತ್ರದ ಬೆಲೆ ತೀರ ಕುಸಿಯದಿರಲೆಂದು ಕೇಂದ್ರ 2024ರಲ್ಲಿ ಕನಿಷ್ಠ ದರ ಗೊತ್ತು ಮಾಡಿತು: ಗೃಹೋಪಯೋಗಿ ಎಲೆಕ್ಟ್ರಾನಿಕ್ ಸಾಮಾನಿಗೆ ಕಿಲೋಗೆ 22 ರೂಪಾಯಿ. ಹೊರೆ ಹೆಚ್ಚಾಯಿತೆಂದು ಹಲವು ದೊಡ್ಡ ಕಂಪನಿಗಳು ದಿಲ್ಲಿ ಹೈಕೋರ್ಟಿಗೆ ಹೋಗಿವೆ. ಮಂಡಳಿಯ ಲೆಕ್ಕದ ಹದಿನೇಳೂವರೆ ಲಕ್ಷ ಟನ್ ಎಂದರೆ 175 ಕೋಟಿ ಕಿಲೋ. ಎಲ್ಲವೂ ಸರಿದಾರಿಗೆ ಬಂದು ಕಿಲೋಗೆ 22 ಸಿಕ್ಕರೆ ವರ್ಷಕ್ಕೆ 3,850 ಕೋಟಿ ರೂಪಾಯಿ. ಇದರಲ್ಲಿ ಕಿಲೋಗೆ ಬರೀ ಐದು ರೂಪಾಯಿ ಮಾಲು ತಂದವರ ಬ್ಯಾಂಕ್ ಖಾತೆಗೆ ನೇರ ಹೋಗಬೇಕೆಂದು ನಿಯಮ ಮಾಡಿದರೆ 875 ಕೋಟಿ. ಸರ್ಕಾರದ ಬೊಕ್ಕಸದಿಂದ ಒಂದು ಪೈಸೆಯೂ ಬೇಡ. ಖಾಲಿ ಕೂತ ಘಟಕಗಳ ಬಾಗಿಲಿಗೆ ಬೋರ್ಡಿನ ಚೀಲಗಳು ತಾವಾಗಿ ಬರುತ್ತವೆ. ಓಣಿಯಲ್ಲಿ ಆಸಿಡ್ ಬಾನಿ ಇಡುವುದಕ್ಕಿಂತ ಬಿಚ್ಚಿ ಮಾರುವುದೇ ಹೆಚ್ಚು ಲಾಭವಾದರೆ ಬಾನಿಯ ಅಗತ್ಯವೇ ಬೀಳುವುದಿಲ್ಲ.

ಇದಕ್ಕೆ ಬೇಕಾದ್ದು ಮೂರು. ಪ್ರತಿ ಪ್ರಮಾಣಪತ್ರದ ಬೆನ್ನಿಗೆ ವೇಬ್ರಿಜ್‌ನ ತೂಕದ ಚೀಟಿ ಮತ್ತು ಮಾಲು ತಂದವರ ಹೆಸರು ಇರಬೇಕು. ಆಗ ಸುಳ್ಳು ಪತ್ರ ಹುಟ್ಟುವುದು ಕಷ್ಟ. ಗುಜರಿ ಅಂಗಡಿಯನ್ನು, ಬಿಚ್ಚುವವರ ಗುಂಪುಗಳನ್ನು ನಿಯಮದ ಪಟ್ಟಿಯಲ್ಲಿ ಹೆಸರು ಹಿಡಿದು ಸೇರಿಸಬೇಕು. ಲಾಭವಿಲ್ಲದ ಸೀಸ, ಅನಿಲ, ಪ್ಲಾಸ್ಟಿಕ್‌ಗಳಿಗೆ ಪ್ರತ್ಯೇಕ ದರ ಕಟ್ಟಬೇಕು. ಇವುಗಳಲ್ಲಿ ಯಾವುದಕ್ಕೂ ಹೊಸ ಸಂಶೋಧನೆ ಬೇಕಿಲ್ಲ, ವಿದೇಶಿ ಸಾಲ ಬೇಕಿಲ್ಲ.

ದೊಡ್ಡ ಅಂಕಿಗಳು ನಮ್ಮನ್ನು ಬೆರಗಾಗಿಸಿ ಸುಮ್ಮನಾಗಿಸಿಬಿಡುತ್ತವೆ. ಕೋಟಿ ಟನ್ ಎಂದಾಗ ಇದು ನಮ್ಮ ಕೈ ಮೀರಿದ್ದು ಅನ್ನಿಸುತ್ತದೆ. ಆದರೆ ಈ ಕೋಟಿಗಳೆಲ್ಲ ಒಂದೊಂದಾಗಿ ಯಾವುದೋ ಮನೆಯ ಬಾಗಿಲು ದಾಟಿ, ಯಾರದೋ ತಕ್ಕಡಿಯಲ್ಲಿ ಕೂತು ಹೋದವು. ಆ ತಕ್ಕಡಿ ಹಿಡಿದವರಿಗೆ ಕಿಲೋಗೆ ಐದು ರೂಪಾಯಿ, ಒಂದು ಗುರುತಿನ ಚೀಟಿ, ಒಂದು ಜೊತೆ ಕೈಗವಸು ಕೊಡಲಾಗದ ದೇಶ ನಮ್ಮದಲ್ಲ. ಶೇ 80ರ ಗುರಿ ಜಾರಿಗೆ ಬರುವ ಮೊದಲು ಇಷ್ಟನ್ನು ನಿಯಮದಲ್ಲಿ ಬರೆಸುವುದು ನಮ್ಮೆಲ್ಲರ ಒತ್ತಾಯವಾಗಬೇಕು.